ಇಬ್ಬರಿಗೂ ಅದೇ ಸಕ್ಕರೆ ಕಾಯಿಲೆ

ಬೇಗೂರಿನ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಇಬ್ಬರೂ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಮಾಡುವವರು. ಚಿಕ್ಕವಳು ಗಂಡನ ದಿನಕರ್ಮ ಮುಗಿಸಿ ಹಿಂದಿನ ದಿನವಷ್ಟೇ ಊರಿಂದ ಮರಳಿದ್ದಳು.

"ಯಮನಪ್ಪಂದು ಸಾಯೋ ವಯಸ್ಸಲ್ಲ ಬಿಡು, ಮಹಾನಂದಾ."

"ನಲವತ್ತೊಂದ ರೀ, ಸಿದ್ದಕ್ಕ. ಸಕ್ಕರಿ ಕಾಯಿಲೆ ಐತಿ ಅಂತ ಗೊತ್ತಾಗಿದ್ದ ಕಿಡ್ನಿ ಕೆಟ್ಟ ಮ್ಯಾಲ."

"ಮೊದಲ ಏನೂ ತಿಳೀಲಿಲ್ಲೇನ?"

"ಕಾಲು ಬಾತಿದ್ವು. ಕಟ್ಟಡದ ಸೆಂಟ್ರಿಂಗ್ ಕೆಲಸದಾಗ ದಿನಾ ನಿಂತ ಇರ್ತಾನಲ್ಲ, ಅದಕ್ಕ ಇರಬೇಕು ಅಂದ್ಕೊಂಡ್ವಿ."

"ನೀ ಕೆಲಸ ಮಾಡೋ ಮನಿ ಅಜ್ಜಾರಿಗೂ ಅದ ಕಾಯಿಲೆ ಅಲ್ಲ?"

"ಹೌದ್ರೀ. ಇಪ್ಪತ್ತು ವರ್ಷ ಆತು. ಈಗ ಎಪ್ಪತ್ತೆಂಟು, ದಿನಾ ವಾಕಿಂಗ್ ಹೋಗ್ತಾರ. ಉಪ್ಪು ಕಡಿಮಿ ಹಾಕಿ ಅಡಗಿ ಮಾಡಾಕಿ ನಾನ. ಮುಂಜಾನೆ ಅವರ ಬೆರಳಿಗೆ ಸೂಜಿ ಚುಚ್ಚಿ, ಮಶೀನ್‌ನಾಗ ಸಕ್ಕರಿ ನೋಡಾಕಿನೂ ನಾನ."

"ಅಳಬ್ಯಾಡವ್ವ."

"ನೋಡೂದು ಕಲ್ತಿದ್ದೆ ರೀ. ನನ್ನ ಗಂಡನ ಬೆರಳು ಮಾತ್ರ ಒಂದ್ ದಿನಾನೂ ಚುಚ್ಚಿ ನೋಡ್ಲಿಲ್ಲ."

"ಅದು ನಿನ್ನ ತಪ್ಪಲ್ಲ."

"ಮತ್ಯಾರದ್ರೀ?"

ಬಸ್ಸು ಬಂತು. ಸಿದ್ದಕ್ಕ ಮಹಾನಂದಾಳ ತೋಳು ಹಿಡಿದು ಎಬ್ಬಿಸಿ, ಮೊದಲು ಅವಳನ್ನು ಹತ್ತಿಸಿ, ಹಿಂದೆ ತಾನೂ ಹತ್ತಿದಳು.