ಹಿಂದಿನ ಸೀಟಿನ ತಾಯಿ

೧೯೮೬ರ ಜುಲೈ. ಅಹಮದಾಬಾದಿನ ವಸ್ತ್ರಾಪುರದಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆ ಐದಾದರೂ ಬಿಟ್ಟಿರಲಿಲ್ಲ, ಕರೆಂಟೂ ಹೋಗಿತ್ತು. ಹದಿನೆಂಟು ತುಂಬಿ ತಿಂಗಳಾಗಿದ್ದ ರಜನಿ ಅಪ್ಪನ ಫಿಯೆಟ್ಟಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಬಾಗಿಲ ಬಳಿ ನಿಂತಿದ್ದಳು. ಲೈಸೆನ್ಸು ಕೈಗೆ ಬಂದು ಮೂರೇ ದಿನ. ಗೆಳತಿಯರನ್ನು ಕೂರಿಸಿಕೊಂಡು ಗಾಂಧಿನಗರದ ರಸ್ತೆಯಲ್ಲಿ ಜೋರಾಗಿ ಒಂದು ಸುತ್ತು ಹೊಡೆಯುವ ಮಾತಾಗಿತ್ತು. ಅಪ್ಪ ಬ್ಯಾಂಕಿನಿಂದ ಬಂದಿಲ್ಲ, ಅಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಬಜೆ ಕರಿಯುತ್ತಿದ್ದಾಳೆ, ಇನ್ನು ತಡೆಯುವವರು ಯಾರು ಎಂದುಕೊಳ್ಳುವಷ್ಟರಲ್ಲಿ ಅಜ್ಜಿ ಕಮಲಮ್ಮ ಕೋಣೆಯಿಂದಲೇ ಕೂಗಿದರು.

"ಎಂತ ಅವಸರ ಮಗಾ? ಮಳೆ ಬಿಡಲಿ, ಬಾ ಕೂತ್ಕೋ. ನಿನ್ನ ಬಾಲು ಮಾವ ಕಾರು ಬಿಟ್ರೆ ಎತ್ತಿನಗಾಡಿ ಅಂತ ನಗ್ತೀರಲ್ಲ... ಅವ ಯಾಕೆ ಹಾಗಾದ ಅಂತ ಗೊತ್ತುಂಟಾ?"

"ಅಜ್ಜಿ, ಫ್ರೆಂಡ್ಸ್ ವೇಟ್ ಮಾಡ್ತಾರೆ. ಸ್ಟೋರಿ ನಾಳೆ ಹೇಳಿ, ಪ್ಲೀಸ್."

"ದೆವ್ವದ್ದು ಮಾರಾಯ್ತಿ."

ದೆವ್ವ ಎಂದದ್ದೇ ತಡ, ರಜನಿಯ ತಂಗಿಯರಿಬ್ಬರೂ ಬಜೆಯ ತಟ್ಟೆ ಸಮೇತ ಅಜ್ಜಿಯ ಮಂಚ ಹತ್ತಿದರು. ಹತ್ತೇ ನಿಮಿಷ ಎಂದುಕೊಂಡು ರಜನಿಯೂ ಅಂಚಿನಲ್ಲಿ ಕೂತಳು.

"ಎಪ್ಪತ್ತನಾಲ್ಕನೇ ಇಸವಿ. ಆಗ ವಡೋದರದಲ್ಲಿ ನಮ್ಮ ಹೋಟೆಲು, ಬಾಗಿಲಲ್ಲಿ ಒಂದು ಅಂಬಾಸಿಡರ್. ಬಾಲುಗೆ ಲೈಸೆನ್ಸು ಆದದ್ದೇ ಆದದ್ದು, ಕಾಲು ನೆಲದ ಮೇಲಿಲ್ಲ. ಸೂರತ್ತಿನ ಕತಾರ್‌ಗಾಮಿನಲ್ಲಿ ನನ್ನ ತಂಗಿ ಸರಸ್ವತಿಯ ಮೊಮ್ಮಗುವನ್ನ ತೊಟ್ಟಿಲಿಗೆ ಹಾಕುವ ದಿನ. 'ಅಮ್ಮಾ, ನಾನೇ ಕರ್ಕೊಂಡು ಹೋಗ್ತೇನೆ' ಅಂದ. ಬೆಳಿಗ್ಗೆ ಹೊರಟೆವು, ಅವನೂ ನಾನೂ ಇಬ್ಬರೇ, ನಾನು ಮುಂದಿನ ಸೀಟಲ್ಲಿ. ಭರೂಚಿನ ಸೇತುವೆ ದಾಟಿದ್ದೇ ತಡ, ಮಳೆ ಹೊಯ್ಯಲಿಕ್ಕೆ ಶುರು, ಇವನಿಗೋ ಒಂದು ಲಾರಿ ಮುಂದೆ ಕಂಡರೆ ಅದನ್ನ ಹಿಂದೆ ಹಾಕ್ಬೇಕು, ಅದು ಆದರೆ ಇನ್ನೊಂದು, ವೈಪರ್ ಒರೆಸಿದಷ್ಟೂ ಗಾಜು ಬೆಳ್ಳಗೆ, ಸ್ಟಿಯರಿಂಗ್ ಮೇಲೆ ಒಂದೇ ಕೈ... ನಾನು ಹೆದರಿ ಕಣ್ಣುಮುಚ್ಚಿ ಮನಸ್ಸಲ್ಲೇ ವಿಷ್ಣುಸಹಸ್ರನಾಮ ಹೇಳ್ತಾ ಕೂತೆ. ಬಾಯಿಬಿಟ್ಟು ನಿಧಾನ ಅನ್ಲಿಲ್ಲ. ಮಗನ ಖುಷಿ ಯಾಕೆ ಹಾಳು ಮಾಡೋದು ಅಂತ. ಅದು ನನ್ನ ತಪ್ಪು, ಅಲ್ವಾ?

"ಸ್ವಲ್ಪ ಹೊತ್ತಿಗೆ ಬಾಲು ನಗ್ತಾ ಕೇಳಿದ: 'ಅಮ್ಮಾ, ನೀನು ಗುಜರಾತಿ ಯಾವಾಗ ಕಲ್ತೆ?' ನಾನು ತುಟಿ ಪಿಟಕ್ ಅಂದಿರ್ಲಿಲ್ಲ! 'ಈಗ ಹೇಳಿದೆಯಲ್ಲ, ಧೀಮೆ ದೀಕರಾ, ನಿಧಾನ ಮಗಾ ಅಂತ?' ಅಂದ. ಗಾಳಿಯ ಸದ್ದು ಇರ್ಬೇಕು ಅಂದೆ. ಅವ ಪುನಃ ಕಾಲು ಒತ್ತಿದ. ಆಗ, ಮಕ್ಕಳೇ... ಆಗ ನನಗೂ ಕೇಳಿತು. ಹಿಂದಿನ ಸೀಟಿಂದ. 'ಧೀಮೆ, ದೀಕರಾ...' ಹೆಂಗಸಿನ ಸ್ವರ, ಬೇಡಿಕೊಳ್ಳುವ ಹಾಗೆ. ಮಹಡಿ ಹತ್ತುವ ಮಗುವಿನ ಹಿಂದೆಯೇ ತಾಯಿ ಬರ್ತಾಳಲ್ಲ, ಹಾಗೆ. ತಿರುಗಿ ನೋಡ್ಲಿಕ್ಕೆ ಕುತ್ತಿಗೆ ಬರ್ಬೇಕಲ್ಲ! ಬಾಲುವಿನ ಮುಖ ಬಿಳಿಚಿತು, ಕಾಲು ತಾನಾಗಿ ಸಡಿಲಾಯ್ತು. ಅಷ್ಟರಲ್ಲಿ ಕಿವಿ ಹರಿಯುವ ಹಾಗೆ, 'ಊಭೋ ರಹೇ!' ನಿಲ್ಲು ಅಂತ. ಅವ ಬ್ರೇಕು ತುಳಿದ. ಗಾಡಿ ನೀರಲ್ಲಿ ಜಾರ್ತಾ, ಜಾರ್ತಾ, ಅಡ್ಡಕ್ಕೆ ನಿಂತಿತು... ಎದುರಿಗೆ ಎಂತ ಇತ್ತು ಹೇಳಿ?"

ರಜನಿಯ ಬೆರಳಲ್ಲಿ ಕೀಲಿ ಸುಮ್ಮನಾಗಿತ್ತು.

"ಶಾಲೆಯ ಹೆಣ್ಣುಮಕ್ಕಳು. ಐದಾರು ಜನ ಒಂದೇ ಪ್ಲಾಸ್ಟಿಕ್ ಹಾಳೆ ತಲೆ ಮೇಲೆ ಹಿಡ್ಕೊಂಡು ರಸ್ತೆ ದಾಟ್ತಾ ಇದ್ರು. ಕೊನೆಯವಳಿಗೂ ನಮ್ಮ ಬಂಪರಿಗೂ ನಡುವೆ ಒಂದು ಮಾರು, ಅಷ್ಟೇ. ಅವಳು ನಮ್ಮನ್ನ ನೋಡಿ ನಕ್ಕು ಓಡಿಹೋದಳು. ಬಾಲು ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತ... ನಾನೂ ಅತ್ತೆ.

"ಪಕ್ಕದಲ್ಲೊಂದು ಚಾದಂಗಡಿ. ಅಲ್ಲಿಯ ಮುದುಕ ಛತ್ರಿ ಹಿಡ್ಕೊಂಡು ಬಂದ, ಎರಡು ಗ್ಲಾಸು ಚಾ ತಂದ. ಹಿಂದಿನ ಸೀಟು ಇಣುಕಿ, 'ಬಿಳಿ ಸೀರೆಯ ಬಾ ಎಲ್ಲಿ ಇಳಿದ್ರು? ಈಗ ತಾನೇ ಕಂಡೆ' ಅಂದ. ಇಲ್ಲಿ ತಾಯಿಗೆ ಬಾ ಅಂತಾರಲ್ಲ, ಹಾಗೆ. ತಿರುಗಿ ನೋಡಿದೆ. ಕಿಟಕಿ ಎಲ್ಲ ಮುಚ್ಚಿತ್ತು ಮಕ್ಕಳೇ, ಆದರೂ ಸೀಟಿನ ನಡುವೆ ಒಬ್ಬರು ಕೂತಷ್ಟು ಜಾಗ ಒದ್ದೆ! ಮುದುಕನ ಮುಖ ಬಾಡಿತು. ಎರಡು ಮಳೆಗಾಲದ ಹಿಂದೆ ಅದೇ ತಿರುವಿನಲ್ಲಿ, ನಮ್ಮ ಬಾಲುವಿನಷ್ಟೇ ವಯಸ್ಸಿನವ ಹೊಸ ಕಾರಲ್ಲಿ ತಾಯಿಯನ್ನ ಕೂರಿಸ್ಕೊಂಡು ಬಂದದ್ದಂತೆ. ದಾರಿಯುದ್ದಕ್ಕೂ ಅವಳು ನಿಧಾನ ಮಗಾ ಅಂದದ್ದು, ಇವ ಕೇಳದ್ದು. ಲಾರಿಗೆ ಹೊಡೆದ. ಮಗ ಉಳಿದ... ತಾಯಿ ಉಳೀಲಿಲ್ಲ."

ಅಜ್ಜಿ ಸೆರಗು ಸರಿಮಾಡಿಕೊಂಡರು. "ನನಗೆ ಹೆದರಿಕೆ ಹೋಯ್ತು. ತಾಯಿ ಅಲ್ವಾ, ಎಂತ ಹೆದರೋದು? ಸೆರಗಿಂದ ಆ ಸೀಟು ಒರೆಸಿ, 'ಬಾ, ಬೇಸೋ, ಕೂತ್ಕೊಳ್ಳಿ ಅಮ್ಮಾ, ಸೂರತ್ ತನಕ ನಮ್ಮೊಟ್ಟಿಗೆ ಬನ್ನಿ' ಅಂದೆ. ಬಾಲು ಮೂವತ್ತರ ಮೇಲೆ ಹೋಗ್ಲಿಲ್ಲ. ತೊಟ್ಟಿಲಿನ ಶಾಸ್ತ್ರ ತಪ್ಪಿತು, ಊಟಕ್ಕೆ ಮುಟ್ಟಿದೆವು. ಹೋಳಿಗೆ ಅಷ್ಟು ರುಚಿ ಅನ್ಸಿದ್ದು ಆವತ್ತೇ."

ರಜನಿಗೆ ಮಾವನ ಮುಖ ನೆನಪಾಯಿತು. ಹಿಂದಿನಿಂದ ಯಾರು ಎಷ್ಟು ಹಾರ್ನ್ ಹೊಡೆದರೂ ಅಲುಗದ, ನಗುವ ಮುಖ. ಇನ್ನೆಂದೂ ಅವನನ್ನು ಎತ್ತಿನಗಾಡಿ ಎನ್ನಲಾರೆ ಎನಿಸಿತು. ಅವಳು ಎದ್ದು ಗೆಳತಿಗೆ ಫೋನು ಮಾಡಿದಳು: ಇವತ್ತು ಬೇಡ, ಮಳೆ ಬಿಟ್ಟ ಮೇಲೆ ನೋಡೋಣ. ತಿರುಗಿ ಬಂದು ಅಜ್ಜಿಯ ಮಗ್ಗುಲಲ್ಲೇ ಕೂತು, ತಣ್ಣಗಾದ ಬಜೆಯನ್ನು ನೆಮ್ಮದಿಯಿಂದ ತಿಂದಳು.

"ಅಜ್ಜಿ, ಮತ್ತೆ ಆ ಬಾ ಸೂರತ್‌ನಲ್ಲಿ ಇಳಿದ್ರಾ?"

"ಇಳಿದದ್ದು ನಾನು ಕಾಣ್ಲಿಲ್ಲ ಮಗಾ." ಅಜ್ಜಿ ಅವಳ ತಲೆ ನೇವರಿಸಿದರು. "ನಿನ್ನೆ ಸಂಜೆ ನೀನೊಬ್ಬಳೇ ಕಾರು ತಂದು ಕೆಳಗೆ ನಿಲ್ಲಿಸ್ತಿದ್ದಾಗ ನಾನು ಬಾಲ್ಕನಿಯಲ್ಲಿದ್ದೆ. ಚಂದ ಬಿಟ್ಕೊಂಡು ಬಂದೆ, ನಿಧಾನಕ್ಕೆ... ಅಲ್ಲ, ಹಿಂದೆ ಕೂತಿದ್ದ ಬಿಳಿ ಸೀರೆಯವರನ್ನ ಒಂದು ಮಾತು ಮೇಲೆ ಬನ್ನಿ ಅಂತ ಯಾಕೆ ಕರೀಲಿಲ್ಲ?"