ಅರ್ಧ ತಾಸು ತಡ

...ಹದಿನೈದು ದಿನ ಅಂದಿದ್ಲು ನಮ್ಮವ್ವ. ಅಲ್ಲ, ತಪ್ಪು ಹೇಳಿದೆ, "ನಾಟಿ ಮುಗಿದ ಕೂಡ್ಲೆ" ಅಂದಿದ್ಲು. ಹದಿನೈದು ದಿನ ಅಂತ ಅಂದಾಜು ಮಾಡಿದಾಕಿ ನಾನು. ಅಪ್ಪ ತೀರಿದ ವರ್ಷ ಅದು, ನನಗ ಏಳು. ಕುರುಗೋಡಿನ್ಯಾಗ ದೊಡ್ಡಮ್ಮನ ಮನಿಯಾಗ ನನ್ನ ಬಿಟ್ಟು, ಭತ್ತ ನಾಟಿ ಮಾಡಾಕ ಸಿರುಗುಪ್ಪ ಕಡೆ ಹೋದ್ಲು. ನಾಟಿ ಮುಗೀತು, ಕೊಯ್ಲು ಮುಗೀತು, ಮತ್ತ ನಾಟಿ ಬಂತು. ಆಕಿ ಬಂದದ್ದು ನಾಲ್ಕನೇ ವರ್ಷಕ್ಕ. ಬಂದಾಗ "ಎಷ್ಟು ದಿನ ಇರ್ತಿ?" ಅಂತ ಕೇಳಿದೆ, ಅಷ್ಟೇ. ದೊಡ್ಡಮ್ಮ ಕೆಟ್ಟಾಕಿ ಅಲ್ಲ, ನೋಡ್ರಿ. ಆದ್ರೂ ನಾನು ರೊಟ್ಟಿ ಕದ್ದು ಹಾಸಿಗಿ ಕೆಳಗ ಇಡ್ತಿದ್ದೆ. ಖಡಕ್ ರೊಟ್ಟಿ ಇಟ್ರ ಮಗ್ಗಲು ತಿರುಗಿದಾಗ ಸಪ್ಪಳ ಆಗತೈತಿ, ಅದಕ್ಕ ಮೆತ್ತನ್ನ ರೊಟ್ಟಿ. ಅವು ಬೂಷ್ಟು ಹಿಡಿಯೋವು. "ಯಾಕಲೇ, ನಾಳೆ ನಿನಗ ಹಾಕಂಗಿಲ್ಲ ಅಂದ್ಕೊಂಡಿಯೇನು?" ಅಂತ ದೊಡ್ಡಮ್ಮ ನಗ್ತಿದ್ಲು. ಹೂಂ, ಹಂಗ ಅಂದ್ಕೊಂಡಿದ್ದೆ.

ಮುಂದ ಕಲ್ತೆ, ಟೀಚರ್ ಆದೆ, ನಿಮ್ಮ ತಾತನ ಕೈ ಹಿಡಿದೆ, ಕೌಲ್ ಬಜಾರಿನಾಗ ಮನಿ ಮಾಡಿದ್ವಿ. ತಾತ ಜೀನ್ಸ್ ಹೊಲಿಯೋ ಕಾರ್ಖಾನಿಯಾಗ ಟೈಲರ್. ಆರಕ್ಕ ಬಿಡ್ತಿದ್ರು, ನಡೆದ್ರ ಹತ್ತು ನಿಮಿಷ. ಇವರು ಬರೋದು ಆರೂ ನಲವತ್ತಕ್ಕ. ದಿನಾ. ಮತ್ತ ಆ ಅರ್ಧ ತಾಸು ಎಲ್ಲಿ ಹೋತು? ಅಂಗಿ ಮೂಸಿದೆ, ಜೇಬು ನೋಡಿದೆ, ಜೊತಿಗೆ ಹೊಲಿಯೋರ ಹೆಂಡ್ರನ್ನ ಕೇಳಿದೆ. ಒಂದು ಸಂಜಿ ಇವರ ಹಿಂದ ಹೋದೆ. ಓಣಿ ಮೂಲ್ಯಾಗ ಒಂದು ಆಟೋ ಹಿಂದ ಬಗ್ಗಿ ನಿಂತೆ. ಅದರ ತುಂಬ ಟ್ಯೂಷನ್ ಮುಗಿಸಿದ ನಮ್ಮ ಸಾಲಿ ಮಕ್ಕಳು! ಎಲ್ಲಾರೂ ರಾಗ ಎಳೆದು, "ನಮಸ್ತೇ ಟೀಚರ್!" ಇಡೀ ಓಣಿ ತಿರುಗಿ ನೋಡ್ತು. ಎದುರು ಚಾದಂಗಡಿ ಬೆಂಚಿನ ಮ್ಯಾಲೆ ಒಬ್ಬರೇ ಕುಂತಿದ್ದ ತಾತನೂ ನೋಡಿದ್ರು.

"ಬರ್ರಿ ಟೀಚರಮ್ಮ, ಕುಂದರ್ರಿ," ಅಂದ್ರು.

"ಯಾರಿಗೆ ಕಾಯ್ತೀರಿ ಇಲ್ಲಿ?"

"ಯಾರಿಗೂ ಇಲ್ಲ. ಬಾಗಲ್ದಾಗ ನೀನು ಹಾಜರಿ ತಗೋತಿ. ಉತ್ತರ ಕೊಡಾಕ ಸ್ವಲ್ಪ ಉಸಿರು ತಗೊಂಡು ಬರ್ತೀನಿ."

ನಂಬಿದೆನೇನು? ಇಲ್ಲ. ಚಾದಂಗಡಿಯವನ್ನ ಬ್ಯಾರೆ ಕೇಳಿದೆ. "ದಿನಾ ಒಬ್ರೇ ಕುಂದರ್ತಾರ್ರೀ, ಗೋಡಿ ನೋಡ್ಕೋತ," ಅಂದ ಅಂವ. ಆಗ ತಾತ ಸಣ್ಣ ದನಿಯಾಗ, "ಬಿಟ್ಟು ಹೋದಾಕಿ ನಿಮ್ಮವ್ವ, ನಾನಲ್ಲ," ಅಂದ್ರು.

ಅದನ್ನೂ ಅರ್ಧಾನೇ ನಂಬಿದೆ. ಮೂವತ್ತೊಂದು ವರ್ಷ, ಅಲ್ಲ, ಮೂವತ್ತೆರಡು, ದಿನಾ ಮನಿಗೆ ಬಂದ್ರು. ಬಂದದ್ದು ನನ್ನ ಮನಸ್ಸಿನಾಗ ಉಳೀಲಿಲ್ಲ, ತಡ ಆದದ್ದಷ್ಟೇ ಉಳೀತು. ಹೋದ ಶ್ರಾವಣದಾಗ ದವಾಖಾನಿ ಮಂಚದ ಮ್ಯಾಲೆ ನನ್ನ ಕೈ ಹಿಡ್ಕೊಂಡು, "ಇಲ್ಲೇ ಅದೀನಿ," ಅಂದ್ರ, ನಾನು ನರ್ಸಮ್ಮನ ಮಕ ನೋಡಿದೆ, ಖರೇನೋ ಸುಳ್ಳೋ ಅಂತ. ತಿರುಗಿ ಇವರ ಮಕ ನೋಡೂದ್ರಾಗ ಕಣ್ಣು ಮುಚ್ಚಿದ್ರು.

ಅನ್ನ ಬೆಂದೈತೋ ಇಲ್ಲೋ ಅಂತ ಒಂದು ಅಗುಳು ಹಿಚುಕಿ ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಗಡಿಗಿ ಅನ್ನ ಎಲ್ಲಾ ಹಿಚುಕಿದ್ರ ಉಣ್ಣಾಕ ಏನೂ ಉಳಿಯಂಗಿಲ್ಲ.