ಎಣ್ಣೆ ಸಾಹುಕಾರನೂ ಊರ ಪತ್ರಿಕೆಯೂ

ಸತ್ಯ ಬೇಕು, ಸತ್ಯ ಬೇಕು ಎಂದು ಎಲ್ಲರೂ ಹೇಳುತ್ತೇವೆ. ಅದನ್ನು ಸಾಕುವವರು ಯಾರು ಎಂದು ಕೇಳಿದರೆ ಮಾತ್ರ ಪಕ್ಕದವರ ಮುಖ ನೋಡುತ್ತೇವೆ. ನಗಬೇಡಿ ತಾಯಿ, ನಿಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಈ ದೇವಸ್ಥಾನದ ಮಂಟಪದಲ್ಲಿ ಕೂತವರೆಲ್ಲ ಒಂದು ಕಥೆ ಕೇಳಿ.

ಒಂದೂರಲ್ಲಿ ಒಬ್ಬ ಎಣ್ಣೆ ಸಾಹುಕಾರ. ಸ್ವಂತ ಗಾಣ, ಪೇಟೆ ಬೀದಿಯಲ್ಲಿ ದೊಡ್ಡ ಅಂಗಡಿ. ಕಡಲೆಕಾಯಿ ಎಣ್ಣೆ ಎಂದರೆ ಅವನದೇ. ಅದೇ ಊರಲ್ಲಿ ಒಂದು ಪುಟ್ಟ ಪತ್ರಿಕೆ ಬರುತ್ತಿತ್ತು. ಯಾವ ಬೀದಿಗೆ ಯಾವತ್ತು ನೀರು ಬಿಡುತ್ತಾರೆ, ಪುರಸಭೆಯಲ್ಲಿ ಯಾರು ಯಾರಿಗೆ ಬೈದರು, ಯಾರ ಮನೆಯ ಹಸು ತಪ್ಪಿಸಿಕೊಂಡಿದೆ, ಎಲ್ಲ ಅದರಲ್ಲಿ. ಬರೆಯುವವನೂ ಅಚ್ಚು ಹಾಕಿಸುವವನೂ ಸೈಕಲ್ಲಿನಲ್ಲಿ ಹಂಚುವವನೂ ಒಬ್ಬನೇ ಸಂಪಾದಕ.

ಸಾಹುಕಾರ ಅದನ್ನು ದಿನಾ ಓದುತ್ತಿದ್ದ. ಎಲ್ಲಿ? ಕ್ಷೌರದಂಗಡಿಯಲ್ಲಿ! ನೋಡಿ, ತಲೆಯಲ್ಲಿ ಕೂದಲಿಲ್ಲ, ಆದರೂ ದಿನಾ ಕ್ಷೌರದಂಗಡಿಗೆ ಹೋಗುತ್ತಿದ್ದ. ಪತ್ರಿಕೆಯನ್ನು ನಡುವೆ ಹರಿದು ಅರ್ಧ ಇವನ ಕೈಗೆ, ಅರ್ಧ ಇನ್ನೊಬ್ಬನ ಕೈಗೆ, ಓದಿ ಅದಲು ಬದಲು. ಊರಿಗೆ ಊರೇ ಹೀಗೆ ಓದುತ್ತಿತ್ತು, ಕೊಳ್ಳುವವರು ಬೆರಳೆಣಿಕೆ. ಸಂಪಾದಕ ಚಂದಾ ಕೇಳಲು ಬಂದರೆ ಸಾಹುಕಾರ, "ಎಲ್ಲಾ ಫೋನಲ್ಲೇ ಬರ್ತದಲ್ಲಪ್ಪ, ದುಡ್ಡು ಕೊಟ್ಟು ಯಾರು ಓದ್ತಾರೆ?" ಎನ್ನುತ್ತಿದ್ದ. ಕಾಗದದ ಬೆಲೆ ಏರಿತು. ಜಾಹೀರಾತು ಕೊಡುವವರೂ ಫೋನಿನ ಕಡೆ ತಿರುಗಿದರು. ಒಂದು ದಿನ ಪತ್ರಿಕೆ ನಿಂತೇ ಹೋಯಿತು. ಊರು ಅಯ್ಯೋ ಪಾಪ ಎಂದಿತು, ಆಮೇಲೆ ಮರೆಯಿತು.

ಆಮೇಲೇನಾಯಿತು? ಎಲ್ಲರ ಫೋನಿಗೂ ಒಂದು ಸಂದೇಶ ಬಂತು. ಸಾಹುಕಾರನ ಎಣ್ಣೆ ಕಲಬೆರಕೆ, ತಿಂದ ಮಕ್ಕಳಿಗೆ ವಾಂತಿ! ಬರೆದವರು ಯಾರು? ಗೊತ್ತಿಲ್ಲ. ಯಾವ ಮಕ್ಕಳು? ಗೊತ್ತಿಲ್ಲ. ಸಂಜೆಯೊಳಗೆ ಮನೆಮನೆಗೂ ತಲುಪಿತು. ಸಾಹುಕಾರ ಅಂಗಡಿಯಲ್ಲಿ ಕೂತು ನೊಣ ಹೊಡೆಯುವಂತಾಯಿತು. ಎಣ್ಣೆ ಶುದ್ಧವಾಗಿತ್ತು ತಾಯಂದಿರೇ, ನಿಜವಾಗಿಯೂ ಶುದ್ಧವಾಗಿತ್ತು. ಆದರೆ ಅವನ ಬಾಯಿಂದ ಹೇಳಿದರೆ ನಂಬುವವರಿಲ್ಲ. ಅಪ್ಪ, ಅಜ್ಜ ಉಳಿಸಿಕೊಂಡು ಬಂದ ಹೆಸರು ತನ್ನ ಕಾಲಕ್ಕೆ ಮಣ್ಣುಪಾಲಾಯಿತಲ್ಲ ಎಂದು ಅವನಿಗೆ ಊಟ ಸೇರದಾಯಿತು.

ಸಂಪಾದಕನ ಮನೆಗೆ ಓಡಿದ. "ಸ್ವಾಮಿ, ಮತ್ತೆ ಪತ್ರಿಕೆ ತನ್ನಿ. ಖರ್ಚೆಲ್ಲ ನಂದು. ನನ್ನ ಎಣ್ಣೆ ಶುದ್ಧ ಅಂತ ದಪ್ಪಕ್ಷರದಲ್ಲಿ ಹಾಕ್ಬಿಡಿ."

ಸಂಪಾದಕ ನಕ್ಕ. "ನಿಮ್ಮ ದುಡ್ಡಲ್ಲಿ ನಿಮ್ಮ ಎಣ್ಣೆ ಹೊಗಳಿದ್ರೆ ಯಾರು ನಂಬ್ತಾರೆ ಸಾಹುಕಾರ್ರೇ? ಅದು ಪತ್ರಿಕೆ ಆಗಲ್ಲ, ನಿಮ್ಮಂಗಡಿ ಬೋರ್ಡು ಆಗ್ತದೆ."

"ಮತ್ತೆ ನಾನೇನ್ ಮಾಡ್ಲಿ?"

"ಊರವ್ರೆಲ್ಲ ಚಂದಾ ಕೊಟ್ರೆ ತರ್ತೀನಿ. ನೀವೂ ಎಲ್ರಷ್ಟೇ ಕೊಡಿ, ಒಂದು ಪೈಸೆ ಹೆಚ್ಚು ಬೇಡ. ಆಮೇಲೆ ನಿಮ್ಮಂಗಡಿಗೆ ಬಂದು ನೋಡ್ತೀನಿ. ಕಂಡದ್ದು ಬರೀತೀನಿ. ಒಪ್ಪಿಗೇನಾ?"

ಕಂಡದ್ದು ಎಂದ ಕೂಡಲೇ ಸಾಹುಕಾರನ ಎದೆ ಧಸಕ್ಕೆಂದಿತು. ಯಾಕೆ ಅಂತ ಈಗಲೇ ಹೇಳುವುದಿಲ್ಲ. ಬೇರೆ ದಾರಿಯಿಲ್ಲದೆ ಒಪ್ಪಿದ.

ಎಂದೂ ಚಂದಾ ಕೊಡದ ಮನುಷ್ಯ ಮನೆಮನೆ ತಿರುಗಿ ಚಂದಾ ಕೇಳಿದ! ಒಬ್ಬಳು ಅಜ್ಜಿ ಅವನ ಮಾತನ್ನೇ ಅವನಿಗೆ ತಿರುಗಿಸಿದಳು. "ಎಲ್ಲಾ ಫೋನಲ್ಲೇ ಬರ್ತದಲ್ಲಪ್ಪ?"

"ಫೋನಲ್ಲಿ ಬಂದದ್ದೇ ನನ್ನ ಮನೆ ಹಾಳು ಮಾಡ್ತಲ್ಲವ್ವ. ನಾಳೆ ನಿಮ್ಮ ಮನೆ ಮೇಲೂ ಹಿಂಗೇ ಬಂದ್ರೆ ಯಾರನ್ನ ಕೇಳ್ತೀರಿ?"

ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. "ನಿನ್ನ ನಂಬಿ ಕೊಡ್ತಿಲ್ಲ. ಆ ಸೈಕಲ್ಲಿನವ್ನ ನಂಬಿ ಕೊಡ್ತಿದೀನಿ."

ಪತ್ರಿಕೆ ಮತ್ತೆ ಶುರುವಾಯಿತು. ಸಂಪಾದಕ ಇಡೀ ದಿನ ಗಾಣದ ಪಕ್ಕ ನಿಂತು ನೋಡಿದ, ಎಣ್ಣೆಯನ್ನು ಪರೀಕ್ಷೆಗೂ ಕಳಿಸಿದ. ಕೊನೆಗೆ ಮೊದಲ ಪುಟದಲ್ಲೇ ಬರೆದ, ಎಣ್ಣೆ ಅಪ್ಪಟ, ಕಲಬೆರಕೆಯ ಸುದ್ದಿ ಶುದ್ಧ ಸುಳ್ಳು. ಸಾಹುಕಾರನ ಕಣ್ಣು ತುಂಬಿತು. ಅದರ ಕೆಳಗೇ ಇನ್ನೊಂದು ಸುದ್ದಿ. ಅದೇ ಅಂಗಡಿಯ ಅಳತೆ ಡಬ್ಬಿಯ ತಳ ನೆಗ್ಗಿದೆ, ಗಿರಾಕಿಗೆ ಎಣ್ಣೆ ಕಡಿಮೆ ಬೀಳುತ್ತಿದೆ!

ಎದೆ ಧಸಕ್ಕೆಂದದ್ದು ಇದಕ್ಕೇ. ಡಬ್ಬಿ ನೆಗ್ಗಿದ್ದು ಅವನಿಗೆ ಗೊತ್ತಿತ್ತು. ಇರಲಿ ಬಿಡು ಎಂದು ಸುಮ್ಮನಿದ್ದ. ಈಗ ಸಿಟ್ಟು ನೆತ್ತಿಗೇರಿತು. ಪತ್ರಿಕೆ ಹರಿದು ಹಾಕಬೇಕೆನ್ನುವಷ್ಟರಲ್ಲಿ ಎದುರಿಗೆ ಅಜ್ಜಿ, ಕೈಯಲ್ಲಿ ಬಾಟಲಿ.

"ನಿನ್ನ ಡಬ್ಬಿ ನೆಗ್ಗಿರೋದನ್ನೂ ಮುಚ್ಚಿಡಲಿಲ್ಲ ಅವ್ನು. ಅಂಥವ್ನು ಎಣ್ಣೆ ಚೆನ್ನಾಗದೆ ಅಂದ್ರೆ ಚೆನ್ನಾಗೇ ಇರ್ತದೆ. ಕೊಡಪ್ಪ ಒಂದು ಲೀಟರು. ಹೊಸ ಡಬ್ಬೀಲಿ ಅಳೆದು ಕೊಡು."

ಅವಳ ಹಿಂದೆ ಆಗಲೇ ನಾಲ್ಕು ಜನ ನಿಂತಿದ್ದರು. ಸಾಹುಕಾರ ಹೊಸ ಡಬ್ಬಿ ತರಿಸಿದ.

ಕಥೆ ಅವನದು ಎಂದುಕೊಂಡಿರಾ? ಕ್ಷೌರದಂಗಡಿಯಲ್ಲಿ ಕೂತು ಓದುವವರು ಈ ಮಂಟಪದಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ನನಗೆ ಗೊತ್ತು. ದೇವರ ದೀಪಕ್ಕೆ ಎಣ್ಣೆ ತರುತ್ತೀರಿ, ಸಂತೋಷ. ಊರಿಗೆ ಬೆಳಕು ತೋರಿಸುವವನಿಗೂ ನಾಳೆ ಬೆಳಿಗ್ಗೆ ನಿಮ್ಮ ಪಾಲು ಕೊಡಿ. ಒಬ್ಬ ದೊಡ್ಡ ಮನುಷ್ಯ ಕೊಟ್ಟರೆ ಅದು ಅವನ ಪತ್ರಿಕೆ, ನೀವೆಲ್ಲ ಕೊಟ್ಟರೆ ಊರಿನ ಪತ್ರಿಕೆ. ಫೋನಿಗೆ ಬಂದದ್ದನ್ನು ಮುಂದಕ್ಕೆ ತಳ್ಳುವ ಮೊದಲು, ಬರೆದವರು ಯಾರು ಎಂದು ಒಮ್ಮೆ ಕೇಳಿ. ಇನ್ನೊಂದು ಮಾತು, ಇದೇ ಕಷ್ಟದ್ದು. ಒಂದಲ್ಲ ಒಂದು ದಿನ ನಿಮ್ಮ ಡಬ್ಬಿಯ ಸುದ್ದಿಯೂ ಅದರಲ್ಲಿ ಬರುತ್ತದೆ. ಅವತ್ತು ಪತ್ರಿಕೆ ನಿಲ್ಲಿಸಬೇಡಿ. ಡಬ್ಬಿ ಬದಲಾಯಿಸಿ.